ಯುಜಿನ್ ಕ್ರಾಸ್ತಾನ ಹಲಸಿನ ಕೇಸು

ನೆಕ್ರಾಜೆಯ ಯುಜಿನ್ ಕ್ರಾಸ್ತಾನಿಗೆ ಅಡಿಕೆ ಕಂಗಿನ ಕೃಷಿ ಗೊತ್ತಿತ್ತು, ಹಂದಿ ಸಾಕಲು ಗೊತ್ತಿತ್ತು, ಬಾಯಿ ಮುಚ್ಚಿ ಕೂರಲು ಮಾತ್ರ ಗೊತ್ತಿರಲಿಲ್ಲ. ಅವನನ್ನು ಕೆಡಿಸಿದ್ದು ಹೈಕೋರ್ಟು.

ಹಿಂದೊಮ್ಮೆ ಮೇಲಿನ ಜಾಗದ ಮಹಾಬಲ ರೈ ತನ್ನ ಜಾಗದಲ್ಲಿ ಹಾದುಹೋಗುವ ಇವನ ಕಾಲುದಾರಿಗೆ ಬೇಲಿ ಜಡಿದಿದ್ದ. ಇವನು ನಡೆದದ್ದು ನನ್ನ ಅನುಮತಿಯಿಂದ, ಆ ಋಣಕ್ಕೇ ವರ್ಷವೂ ಹಲಸಿನ ಹಣ್ಣು ಕೊಡುತ್ತಿದ್ದ ಎಂಬುದು ರೈಯ ವಾದ. ಕೇಸು ಎರ್ನಾಕುಳದ ಹೈಕೋರ್ಟಿನವರೆಗೆ ಹೋಯಿತು. ನೆರೆಯವರು ಪ್ರೀತಿಯಿಂದ ಕೊಟ್ಟದ್ದು ಅನುಮತಿಯ ಬೆಲೆಯಲ್ಲ, ಇಪ್ಪತ್ತು ವರ್ಷ ಯಾರ ಹಂಗಿಲ್ಲದೆ ನಡೆದ ದಾರಿಯ ಮೇಲೆ ನಡೆದವನಿಗೆ ಹಕ್ಕಿದೆ ಎಂದು ಹೈಕೋರ್ಟು ಹೇಳಿತು. ತೀರ್ಪು ಕಾನೂನಿನ ಪುಸ್ತಕದಲ್ಲಿ ಅಚ್ಚಾಯಿತು. ಇನ್ನು ಕೇರಳದ ಕೆಳಗಿನ ಕೋರ್ಟುಗಳು ಇಂಥ ತಕರಾರನ್ನು ಯುಜಿನ್ ಕೇಸಿನ ಪ್ರಕಾರವೇ ತೀರ್ಮಾನಿಸಬೇಕು ಎಂದು ಅವನ ವಕೀಲೆ ಶ್ರೀವಾಣಿ ವಿವರಿಸಿದ್ದೇ ತಡ, ಇವನ ಕಾಲು ನೆಲಕ್ಕೆ ತಾಗಲಿಲ್ಲ. ಬದಿಯಡ್ಕದ ಚಾದಂಗಡಿಯಲ್ಲಿ, "ಕಾನೂನು ನನ್ನ ಹೆಸರಿನಲ್ಲಿ ಉಂಟು ಮಾರಾಯ" ಎನ್ನದೆ ಗ್ಲಾಸು ಕೆಳಗಿಡುತ್ತಿರಲಿಲ್ಲ.

"ಕಾನೂನು ನಿಮ್ಮ ಹೆಸರಿನಲ್ಲಿ, ಹಂದಿಗೂಡು ತೊಳೆಯುವುದು ನನ್ನ ಹೆಸರಿನಲ್ಲಿ" ಎನ್ನುತ್ತಿದ್ದಳು ಹೆಂಡತಿ ಬೆನೆಡಿಕ್ಟಾ.

ಈ ವರ್ಷ ಅವನಿಗೆ ಮೀನು ಸಾಕುವ ಹುಚ್ಚು ಹಿಡಿಯಿತು. ನೀರು ನಿಲ್ಲುವ ಜಾಗ ಇದ್ದದ್ದು ಒಂದೇ, ಹಿತ್ತಿಲಿನ ತಗ್ಗು. ಅಲ್ಲಿಂದಲೇ ನೆರೆಮನೆಯ ಪರಮೇಶ್ವರಿ ಟೀಚರ ಮನೆಯವರು, ಅವರ ಮಾವನ ಕಾಲದಿಂದ, ಬಸ್ಸಿನ ರಸ್ತೆಗೆ ನಡೆಯುತ್ತಿದ್ದದ್ದು. ಯುಜಿನ್ ಜೆಸಿಬಿ ತರಿಸಿ ದಾರಿಯ ಮೇಲೆಯೇ ಅರ್ಧ ಕೊಳ ತೋಡಿಸಿದ. ಟೀಚರು ಗುಂಡಿ ಸುತ್ತಿ ರಸ್ತೆಗೆ ಹತ್ತಿದವರು ಸೀದಾ ಕಾಸರಗೋಡಿನ ಕೋರ್ಟಿಗೆ ಹೋದರು.

"ಅವರು ವರ್ಷಾ ವರ್ಷ ಸೌತೆಕಾಯಿ ಕೊಡ್ತಾರೆ. ಅನುಮತಿಗೆ ಕೊಟ್ಟದ್ದು ಅಂತ ಹೇಳುವ" ಎಂದ ಯುಜಿನ್, ಶ್ರೀವಾಣಿಯ ಆಫೀಸಿನಲ್ಲಿ.

"ಅದು ಮಹಾಬಲ ರೈಗಳು ಹೇಳಿ ಸೋತ ಮಾತಲ್ವಾ? ಟೀಚರ ವಕೀಲರು ನಿಮ್ಮದೇ ತೀರ್ಪನ್ನು ನಿಮ್ಮ ತಲೆಗೆ ಹೊಡೀಲಿಕ್ಕೆ ತಂದಿದ್ದಾರೆ."

"ಅದು ಹಲಸು. ಇದು ಸೌತೆ."

"ಅಯ್ಯೋ ಯುಜಿನಣ್ಣಾ! ಕೋರ್ಟನ್ನು ಕಟ್ಟಿಹಾಕುವುದು ತೀರ್ಪಿನ ಕಾರಣ, ಹಲಸಲ್ಲ. ನಿಜವಾದ ವ್ಯತ್ಯಾಸ ಇದ್ರೆ ಹೇಳಿ. ಸೌತೆ ಕೊಟ್ರೆ ಮಾತ್ರ ನಡೀರಿ ಅಂತ ನೀವು ಕೇಳಿ ತಗೊಂಡದ್ದಾ? ಹಾಗಾದ್ರೆ ಹಳೇ ತೀರ್ಪು ಇಲ್ಲಿಗೆ ತಾಗುದಿಲ್ಲ."

"ಕೇಳಿದ್ದು ಅಂತ ಹೇಳಿದ್ರೆ ಎಂತ?"

"ಕೇಳಿದ್ರೆ ಹೇಳಿ. ಕೇಳದಿದ್ರೆ ನನ್ನ ಬಾಯಿಂದ ಸುಳ್ಳು ಹೊರಡುದಿಲ್ಲ."

ವಕೀಲೆಯ ಬಾಯಿಂದ ಹೊರಡದಿದ್ದರೆ ತನ್ನ ಬಾಯಿ ಇದೆಯಲ್ಲ ಎಂದು ಯುಜಿನ್ ದಾರಿಯುದ್ದಕ್ಕೂ ಬಸ್ಸಿನಲ್ಲಿ ಸುಳ್ಳನ್ನು ಉರುಹೊಡೆದ.

ಸಾಕ್ಷಿಕಟ್ಟೆ ಹತ್ತಿದ ದಿನ ಟೀಚರ ವಕೀಲ ವಿಘ್ನೇಶ ದಪ್ಪ ಪುಸ್ತಕ ತೆರೆದು, "ಯುಜಿನ್ ಕ್ರಾಸ್ತಾ ವಿರುದ್ಧ ಮಹಾಬಲ ರೈ" ಎಂದು ರಾಗವಾಗಿ ಓದಿದ. ತುಂಬಿದ ಕೋರ್ಟಿನಲ್ಲಿ ತನ್ನ ಹೆಸರು ಕೇಳಿ ಇವನ ಎದೆ ಅಂಗಿಯ ಗುಂಡಿ ಕೀಳುವಷ್ಟು ಉಬ್ಬಿತು.

"ಈ ತೀರ್ಪು ತಪ್ಪಾ?"

"ತಪ್ಪಾ? ಒಂದಕ್ಷರ ತಪ್ಪಿಲ್ಲ!"

"ಹಾಗಾದ್ರೆ ಸೌತೆಕಾಯಿ ನೀವು ಕೇಳಿ ತಗೊಂಡದ್ದಾ?"

ಸುಳ್ಳು ನಾಲಿಗೆಯ ತುದಿಗೆ ಬಂದು ನಿಂತಿತು. ಹೌದೆಂದರೆ ಮೀನು ಸಿಗುತ್ತದೆ. ಆದರೆ ಸೌತೆಗೆ ದಾರಿ ಮಾರಿದವನು ಹಲಸು ಮಾತ್ರ ಪ್ರೀತಿಗೆ ಕೊಟ್ಟನೇ ಎಂದು ನಾಳೆ ಇಡೀ ಬದಿಯಡ್ಕ ನಗುತ್ತದೆ, ಮಹಾಬಲ ರೈ ಎಲ್ಲರಿಗಿಂತ ಜೋರಾಗಿ.

"ಕೇಳ್ಲಿಲ್ಲ" ಎಂದ ಯುಜಿನ್. "ಪ್ರೀತಿಯಿಂದ ಕೊಟ್ಟದ್ದು. ಹೈಕೋರ್ಟು ಹೇಳಿದ ಮೇಲೆ ಬೇರೆ ಹೇಳ್ಲಿಕ್ಕೆ ನಾನು ಯಾರು?"

ಶ್ರೀವಾಣಿ ಫೈಲಿನಲ್ಲಿ ಮುಖ ಮುಚ್ಚಿಕೊಂಡಳು. ಟೀಚರಿಗೆ ದಾರಿ ಸಿಕ್ಕಿತು, ಯುಜಿನ್‌ಗೆ ಗುಂಡಿ ಮುಚ್ಚುವ ಆದೇಶ ಸಿಕ್ಕಿತು.

"ಅಪೀಲು ಹಾಕುವಾ?" ಹೊರಗೆ ಬಂದವನೇ ಕೇಳಿದ.

"ಹಾಕ್ಬಹುದು. ಹೈಕೋರ್ಟಿನಲ್ಲಿ ದೊಡ್ಡ ಪೀಠದ ಎದುರು ಹೋದ್ರೆ ನಿಮ್ಮ ಹಲಸಿನ ತೀರ್ಪನ್ನೇ ಅವರು ಕಿತ್ತು ಹಾಕಿದ್ರೂ ಹಾಕಿಯಾರು."

"ಬೇಡ ಬೇಡ! ಮೀನು ಪೇಟೆಯಲ್ಲೂ ಸಿಗ್ತದೆ."

ಮರುವಾರ ಯುಜಿನ್ ಗುಂಡಿಗೆ ಮಣ್ಣು ಎಳೆಯುತ್ತಿದ್ದಾಗ ಪರಮೇಶ್ವರಿ ಟೀಚರು ಆಚೆ ಬದಿ ನಿಂತು ನೋಡಿದರು.

"ಹೇಗೂ ಮಾಡ್ತಾ ಇದ್ದೀರಿ, ದಾರಿ ಸ್ವಲ್ಪ ಅಗಲ ಮಾಡಿ. ನಮ್ಮ ಸ್ಕೂಟರು ಹೋಗ್ಲಿ."

ಯುಜಿನ್ ಹಾರೆ ಊರಿ ಸೆಟೆದು ನಿಂತ.

"ಸ್ಕೂಟರಿಗೆ ಬೇರೆ ಕೇಸು ಹಾಕಿ ಟೀಚರೇ. ನನ್ನ ತೀರ್ಪಿನಲ್ಲಿ ನಡಿಗೆ ಮಾತ್ರ ಉಂಟು!"