ಮಹಡಿಯಣ್ಣ ವೇಗ ಇಳಿಸಿದ್ದು

ಅವರ ಬಲಗಾಲಿನ ಹವಾಯಿ ಚಪ್ಪಲಿ ಹಿಮ್ಮಡಿಯ ಹತ್ತಿರ ಮಾತ್ರ ಸವೆದು ತೂತಾಗಿತ್ತು. ಎಡಗಾಲಿನದು ಆಗಷ್ಟೇ ಕೊಂಡ ಹಾಗಿತ್ತು. ಕೂತರೂ ನಿಂತರೂ ಆ ಬಲ ಹಿಮ್ಮಡಿ ನೆಲ ಕುಟ್ಟುತ್ತಲೇ ಇರುತ್ತಿತ್ತು. ಜೆ.ಪಿ. ನಗರದ ನಮ್ಮ ಮನೆಗೆ ಬಾಡಿಗೆ ಕೋಣೆ ಕೇಳಿಕೊಂಡು ಬಂದ ದಿನವೂ ಕುಟ್ಟುತ್ತಿದ್ದರು. "ಮನುಷ್ಯ ಒಳ್ಳೆಯವ್ರ ಹಾಗೇ ಕಾಣ್ತಾರೆ. ಆದ್ರೆ ಏನೋ ಅವಸರದಲ್ಲಿದಾರೆ" ಎಂದರು ಅಪ್ಪ. ನಾನಾಗ ಡಿಗ್ರಿ ಮೊದಲನೇ ವರ್ಷ. ಮಹಡಿ ಕೋಣೆಗೆ ಬಂದವರು ನನಗೆ ಮಹಡಿಯಣ್ಣ ಆದರು.

ಹಗಲು ಜಯನಗರದ ಅಂಗಡಿಯೊಂದರಲ್ಲಿ ಆಂಪ್ಲಿಫೈಯರ್ ರಿಪೇರಿ ಮಾಡುತ್ತಿದ್ದರು. ವಯಸ್ಸು ಮೂವತ್ತೈದರ ಆಸುಪಾಸು, ಮದುವೆಯಾಗಿರಲಿಲ್ಲ. ಸಂಜೆ ಅವರ ಗೆಳೆಯರೊಬ್ಬರು ಬರುತ್ತಿದ್ದರು. ಬಿಡಿಭಾಗ ತಂದು ತಾವೇ ಜೋಡಿಸಿದ ಕಂಪ್ಯೂಟರಿನ ಮುಂದೆ ಕೂತು ಇಬ್ಬರೂ ಸೈಟ್ರಾನ್ಸ್ ಮಾಡುತ್ತಿದ್ದರು. ಹಾಡುವವರಿಲ್ಲದ, ಕುದುರೆ ಓಟದ ಹಾಗೆ ಒಂದೇ ಸಮನೆ ಬಡಿಯುವ, ಕುಣಿಯುತ್ತ ಕುಣಿಯುತ್ತ ತಲೆ ಹಗುರಾಗುವ ಸಂಗೀತ ಅದು. ಊರಿನಲ್ಲಿ ಅದನ್ನು ಕೇಳುವವರೇ ಕಡಿಮೆ. ಕೇಳುವವರಿಗೆ ಈ ಜೋಡಿ ಎಂದರೆ ಪ್ರಾಣ.

ನನಗೆ ಅಣ್ಣತಮ್ಮಂದಿರಿಲ್ಲ, ಕಾಲೇಜಿನಲ್ಲೂ ಮಾತಾಡುವ ಗೆಳತಿಯರಿರಲಿಲ್ಲ. ಹೊಸದೇನಾದರೂ ಮಾಡಿದಾಗ ಮಹಡಿಯಣ್ಣ ಮೆಟ್ಟಿಲ ಮೇಲಿಂದ ಬಗ್ಗಿ, "ಒಂದು ಜೊತೆ ಕಿವಿ ಬೇಕಿತ್ತು, ಬಾಮ್ಮ" ಎನ್ನುತ್ತಿದ್ದರು. ಬಾಗಿಲು ಪೂರ್ತಿ ತೆರೆದಿರುತ್ತಿತ್ತು. ನಾನು ಹೊಸ್ತಿಲ ಮೇಲೆ ಕೂತು ಕೇಳುತ್ತಿದ್ದೆ. ಕೆಳಗೆ ಅಮ್ಮನ ಅಡುಗೆಮನೆಯಲ್ಲಿ ಸ್ಟೀಲ್ ಡಬ್ಬಗಳ ಮುಚ್ಚಳ ಜಿಣಜಿಣ ಅನ್ನುತ್ತಿದ್ದವು.

ಬದಲಾವಣೆ ಮೊದಲು ಗೊತ್ತಾಗಿದ್ದು ಅಮ್ಮನಿಗೇ. "ಇವತ್ತು ಡಬ್ಬಗಳು ಅಲ್ಲಾಡ್ತಾನೇ ಇಲ್ವಲ್ಲೇ, ಹುಷಾರಿಲ್ವಾ ಅವ್ರಿಗೆ?" ಎಂದು ಕೇಳಿದಳು.

ಸಿದ್ದಾಪುರದಲ್ಲಿ ಮಹಡಿಯಣ್ಣನ ಅಕ್ಕನ ಮನೆಯಲ್ಲಿದ್ದ ಅವರ ತಾಯಿ ಉಬ್ಬಸದಿಂದ ತೀರಿಕೊಂಡು ಆಗ ಎರಡು ತಿಂಗಳಾಗಿತ್ತು. ನಾನು ಮೇಲೆ ಹೋದೆ. ಹೊಸದನ್ನು ಹಾಕಿದರು. ಬಡಿತ ಅರ್ಧಕ್ಕೆ ಇಳಿದಿತ್ತು. ನಡುನಡುವೆ ಗಾಳಿ ಎಳೆದು ಬಿಡುವಂಥ ಒಂದು ಸದ್ದು.

"ಆಸ್ಪತ್ರೇಲಿ ಹನ್ನೊಂದು ದಿನ ಅಮ್ಮನ ಉಸಿರು ಕೇಳ್ತಾ ಕೂತಿದ್ದೆ ಕಣಮ್ಮ. ಈಗ ಸ್ಪೀಡ್ ಹಾಕಕ್ಕೆ ಹೋದ್ರೆ ಸುಳ್ಳು ಹೇಳ್ದಂಗಾಗತ್ತೆ" ಎಂದರು.

ಸಂಗೀತ ಮಾಡಲು ಬರುತ್ತಿದ್ದ ಆ ಗೆಳೆಯರಿಗೆ ಇದು ಹಿಡಿಸಲಿಲ್ಲ. ಒಂದು ಸಂಜೆ ಅವರ ದನಿ ಕೆಳಗಿನವರೆಗೂ ಕೇಳಿಸಿತು.

"ಜನಕ್ಕೆ ಬೇಕಾಗಿರೋದು ಇದಲ್ಲ ಗುರು."

"ಗೊತ್ತು."

"ಗೊತ್ತಿದ್ದೂ?"

"ನನ್ ಕೈಯಲ್ಲಿ ಬರ್ತಿರೋದು ಇದೇ. ಏನ್ ಮಾಡ್ಲಿ?"

ಸ್ವಲ್ಪ ಹೊತ್ತಿಗೆ ಗೆಳೆಯರು ತಾವು ನುಡಿಸುತ್ತಿದ್ದ ಕೀಬೋರ್ಡನ್ನು ಬೆಡ್‌ಶೀಟಿನಲ್ಲಿ ಸುತ್ತಿಕೊಂಡು ಇಳಿದು ಹೋದರು. ಮತ್ತೆ ಬರಲಿಲ್ಲ.

ಅಭಿಮಾನಿಗಳೂ ಒಡೆದರು. ಸೈಬರ್ ಕೆಫೆಯಲ್ಲಿ ಕೂತು ನಾನು ಅವರ ಜಗಳ ಓದುತ್ತಿದ್ದೆ. ಕೆಲವರು ಇದೇ ನಿಜವಾದ ಸಂಗೀತ ಎಂದರು. ಹೆಚ್ಚಿನವರು, ಅಣ್ಣನಿಗೆ ವಯಸ್ಸಾಯ್ತು, ಇನ್ನು ಭಜನೆ ಶುರುಮಾಡಲಿ ಎಂದು ಬರೆದರು. ಮಹಡಿಯಣ್ಣ ಅದನ್ನೆಲ್ಲ ಓದಿದ್ದರೋ ಇಲ್ಲವೋ, ನಾನು ಕೇಳಲಿಲ್ಲ. ಮೆಟ್ಟಿಲು ಹತ್ತಿ ಬರುತ್ತಿದ್ದ ಹುಡುಗರು ಕಡಿಮೆಯಾದರು, ಆಮೇಲೆ ನಿಂತೇ ಹೋದರು.

ಆ ವರ್ಷವೇ ಅರೆಕೆರೆ ದಾಟಿ ಒಂದು ತೋಟದಲ್ಲಿ ಭಾನುವಾರ ಬೆಳಿಗ್ಗೆ ಅವರ ಕಾರ್ಯಕ್ರಮವಿತ್ತು. ನನ್ನನ್ನೂ ಕರೆದಿದ್ದರು. ಹಳೆಯ ಹುಚ್ಚಿನಿಂದಲೇ ಜನ ಬಂದಿದ್ದರು. ಮಹಡಿಯಣ್ಣ ಹೊಸದನ್ನೇ ನುಡಿಸಿದರು. ಹತ್ತು ನಿಮಿಷವಾಗುತ್ತಲೇ ಒಬ್ಬೊಬ್ಬರೇ ಕುಣಿತ ನಿಲ್ಲಿಸಿ ಹುಲ್ಲಿನ ಮೇಲೆ ಕೂತರು, ಕೆಲವರು ಬೇಕೆಂದೇ ವೇದಿಕೆಗೆ ಬೆನ್ನು ಹಾಕಿ. "ಮಗಾ, ಜೋಗುಳ ಕೇಳಕ್ಕಾ ಬಂದಿದ್ದು?" ಎಂದು ಒಬ್ಬ ಕೂಗಿದ, ಎಲ್ಲರೂ ನಕ್ಕರು. ಕೊನೆಗೆ ಬಿಸಿಲಿನಲ್ಲಿ ನಿಂತವರು ನಾಲ್ಕೈದು ಜನ. ಅವರಲ್ಲಿ ನಾನೂ ಒಬ್ಬಳು. ನೂರು ಕಣ್ಣು ನನ್ನ ಮೇಲೇ ಇವೆ ಅನ್ನಿಸಿತು. ನಾನೂ ಕೂತುಬಿಟ್ಟೆ. ಅದೇ ಕ್ಷಣ ಮಹಡಿಯಣ್ಣ ತಲೆಯೆತ್ತಿ ನೋಡಿದರು. ನೋಡಿ, ತಲೆ ತಗ್ಗಿಸಿ, ಇನ್ನೂ ಮುಕ್ಕಾಲು ಗಂಟೆ ನುಡಿಸಿದರು.

ಬಸ್ಸಿನಲ್ಲಿ ಬರುವಾಗ, "ಕಾಲು ನೋವಿತ್ತಾ?" ಎಂದು ಕೇಳಿದರು.

"ಹೂಂ ಅಣ್ಣ."

"ಶೂ ಹಾಕ್ಕೊಂಡು ಬರ್ಬೇಕಿತ್ತು."

ಮುಂದಿನ ವರ್ಷ ಅವರು ಕೋಣೆ ಬಿಟ್ಟು ಉತ್ತರಹಳ್ಳಿಗೆ ಹೋದರು. ನನಗೆ ಬಿ.ಎಡ್. ಆಯಿತು, ಬನಶಂಕರಿಯ ಒಂದು ಶಾಲೆಯಲ್ಲಿ ಕೆಲಸವಾಯಿತು. ಅವರಿಗೆ ಲಿವರ್ ಕೆಟ್ಟಿದೆ ಎಂದು ಅಪ್ಪನಿಂದ ಗೊತ್ತಾದಾಗ ಮೂಸಂಬಿ ಕಟ್ಟಿಸಿಕೊಂಡು ನೋಡಲು ಹೋದೆ. ಒಂದೇ ಕೋಣೆ, ಒಂದು ಚಾಪೆ, ಅದೇ ಕಂಪ್ಯೂಟರು. ಕಣ್ಣು ಹಳದಿಯಾಗಿದ್ದವು. ನಾಲ್ಕು ವರ್ಷ ನುಂಗಿಕೊಂಡಿದ್ದ ಮಾತು ಹಣ್ಣಿನ ಚೀಲ ಕೆಳಗಿಡುವ ಮೊದಲೇ ಹೊರಗೆ ಬಂತು.

"ಅಣ್ಣ, ಅವತ್ತು ತೋಟದಲ್ಲಿ ನಂಗೆ ಕಾಲು ನೋವಿರ್ಲಿಲ್ಲ. ನಾಚಿಕೆ ಆಯ್ತು, ಕೂತ್ಕೊಂಡೆ."

"ಗೊತ್ತು" ಎಂದರು. "ನಂಗೂ ನಾಚಿಕೆ ಆಯ್ತು ಕಣಮ್ಮ. ನಂಗೆ ಕೂತ್ಕೊಳ್ಳೋ ಹಾಗಿರ್ಲಿಲ್ಲ, ಅಷ್ಟೇ."

ನಾನು ಅತ್ತೆ. ಅವರು ಮೂಸಂಬಿ ಸುಲಿಯಲು ಹೊರಟು, ಉಗುರಿನಲ್ಲಿ ಬಲವಿಲ್ಲದೆ, ಹಣ್ಣನ್ನು ನನ್ನ ಕೈಗೇ ಕೊಟ್ಟರು. ಅದಾದ ಮೇಲೆ ಶಾಲೆ ಬಿಟ್ಟ ಕೂಡಲೇ ವಾರಕ್ಕೆರಡು ಸಲ ಹೋಗುತ್ತಿದ್ದೆ. ಅವರು ಮಾಡಿದ್ದನ್ನು ಹಾಕುತ್ತಿದ್ದರು, ನಾನು ಕೇಳುತ್ತಿದ್ದೆ. ಇಷ್ಟವಾಗದಿದ್ದರೆ ಇಷ್ಟವಾಗಲಿಲ್ಲ ಎನ್ನುತ್ತಿದ್ದೆ. "ಹಾಂ, ಇದು ಕಿವಿ" ಎನ್ನುತ್ತಿದ್ದರು. ಮೂರು ತಿಂಗಳು ಹೀಗೆ ನಡೆಯಿತು.

ಚಿತಾಗಾರಕ್ಕೆ ಅವರ ಅಕ್ಕನ ಮನೆಯವರು, ಅಪ್ಪ ಮತ್ತು ನಾನು ಹೋಗಿದ್ದೆವು. ಆ ಅಭಿಮಾನಿಗಳಲ್ಲಿ, ಈ ಕಡೆಯವರಾಗಲಿ ಆ ಕಡೆಯವರಾಗಲಿ, ಯಾರೂ ಇರಲಿಲ್ಲ. ಎಲ್ಲ ಮುಗಿಯುವ ಹೊತ್ತಿಗೆ ಗೇಟಿನ ಹತ್ತಿರ ಒಬ್ಬರು ನಿಂತಿದ್ದು ಕಾಣಿಸಿತು. ಕೀಬೋರ್ಡ್ ಸುತ್ತಿಕೊಂಡು ಹೋಗಿದ್ದ ಗೆಳೆಯರು. ಕೂದಲು ಅರ್ಧ ನೆರೆತಿತ್ತು. ನನ್ನನ್ನು ಗುರುತು ಹಿಡಿದು ಹತ್ತಿರ ಬಂದರು.

"ಕೊನೆಗೆ ಏನ್ ಮಾಡ್ತಿದ್ದ ಮೇಡಂ? ಏನಾದ್ರೂ ನುಡಿಸ್ತಿದ್ನಾ?"

"ನುಡಿಸ್ತಿದ್ರು. ಇನ್ನೂ ನಿಧಾನ ಮಾಡಿದ್ರು" ಎಂದೆ.

ಅವರು ಜೋರಾಗಿ ನಕ್ಕರು. ನಗುತ್ತಲೇ ಕಾಂಪೌಂಡ್ ಗೋಡೆಗೆ ಕೈಯೂರಿ ಕುಸಿದು ಕೂತರು. ಅಪ್ಪ ಹೊರಗೆ ಆಟೋ ನಿಲ್ಲಿಸಿ ನನ್ನನ್ನು ಕರೆಯುತ್ತಿದ್ದರು. ನೀವು ಹೋಗಿ ಎಂದು ಕೈಸನ್ನೆ ಮಾಡಿ ನಾನು ಆ ಗೆಳೆಯರ ಪಕ್ಕದಲ್ಲಿ ನೆಲದ ಮೇಲೆ ಕೂತೆ.