ಕರೆಯೋಲೆಯ ವೇಷದಲ್ಲಿ ಬಂದ ವಂಚನೆ

ತಮ್ಮ ಫೋನು ವಂಚಕರ ವಶವಾಗಿದೆ ಎಂದು ನಮ್ಮ ಸಮುದಾಯದ ಸಂಘದ ಕಾರ್ಯದರ್ಶಿಗಳಿಗೆ ಬೆಳಿಗ್ಗೆಯೇ ತಿಳಿದಿತ್ತು. ಆದರೂ ಅವರು ಯಾರಿಗೂ ಹೇಳಲಿಲ್ಲ. ಮಧ್ಯಾಹ್ನ ನಮ್ಮೂರು ಕಿಣತ್ತುಕಡವಿನ ಮನೆಯಲ್ಲಿದ್ದ ನನಗೆ ಅವರ ಹೆಸರಿನಲ್ಲಿ ವಾಟ್ಸಾಪ್‌ ಮೂಲಕ ಮದುವೆಯ ಕರೆಯೋಲೆ ಬಂತು.

ತಮ್ಮ ಹಿರಿಯ ಮಗಳ ಮದುವೆಗೆ ಅವರು ನನ್ನನ್ನು ಕರೆದಿರಲಿಲ್ಲ; ಅದನ್ನು ನಾನು ಮರೆತಿಲ್ಲ. ಕಿರಿಯವಳ ಮದುವೆಗಾದರೂ ಕರೆದರಲ್ಲ ಎಂದುಕೊಂಡೆ. ಬಂದ ಓಲೆಯನ್ನು ತೆರೆಯದೆ ಇಟ್ಟರೆ ಮುನಿಸು ಇನ್ನೂ ಇದೆ ಎಂದೇ ನಮ್ಮವರಲ್ಲಿ ಅರ್ಥ. ಆದ್ದರಿಂದ ಒತ್ತಿದೆ. ಫೋನಿನೊಳಗೆ ಇಳಿಯಲು ಅದು ಅನುಮತಿ ಕೇಳಿತು, ಕೊಟ್ಟೆ. ಓಲೆ ಕಾಣಿಸಲಿಲ್ಲ. ಬದಲಿಗೆ, ನಾನು ಮುಟ್ಟದೆಯೇ ಅದೇ ಫೈಲು ನನ್ನ ಹೆಸರಿನಲ್ಲಿ ಬಂಧುಗಳಿಗೆಲ್ಲ ಹೋಗತೊಡಗಿತು. ಏನು ಒತ್ತಿದರೂ ನಿಲ್ಲಲಿಲ್ಲ.

ಅಷ್ಟರಲ್ಲಿ ತಿರುಪ್ಪೂರಿನಿಂದ ತಂಗಿಯ ಮಗಳು ಕರೆ ಮಾಡಿದಳು.

“ಮಾಮ, ನಿಮ್ಮಿಂದ ಪತ್ರಿಕೆ ಬಂದೈತೆ. ಯಾರಿಗೆ ಕಲ್ಯಾಣ? ನೀವೇ ಇನ್ನೊಂದು ಕಟ್ಕೊಳ್ತೀರಾ?” ಎಂದು ನಕ್ಕಳು.

“ಅದನ್ನ ತೆಗೀಬೇಡ ನನ್ನ ಕಣ್ಣೇ, ಅದು ಕಳ್ಳರ ಕೆಲಸ” ಎಂದೆ.

ಅವಳ ನಗು ನಿಂತಿತು. “ನಾ ತೆಗೀಲಿಲ್ಲ ಮಾಮ. ಅಮ್ಮ ಆಗ್ಲೇ ತೆಗೆದುಬಿಟ್ಟಾರೆ.”

ಬ್ಯಾಂಕಿಗೆ ತಿಳಿಸುವಷ್ಟರಲ್ಲಿ, ಮಗ್ಗದ ಮುಂದೆ ಕುಳಿತು ತಂಗಿ ಕೂಡಿಟ್ಟದ್ದೆಲ್ಲ ಅವಳ ಖಾತೆಯಿಂದ ಹೋಗಿತ್ತು. ಸಂಜೆ ನಾನು ಕಾರ್ಯದರ್ಶಿಗಳ ಮನೆಗೇ ಹೋಗಿ ವಿಚಾರಿಸಿದೆ. “ಬೆಳಿಗ್ಗೇನೇ ಗೊತ್ತಾಯ್ತಣ್ಣ. ಹೇಳಿದ್ರೆ ಊರೇ ನಗ್ತದಲ್ಲ” ಎಂದರು.

ತಂಗಿ ಆ ಓಲೆಯನ್ನು ತೆರೆದದ್ದು ಅದರ ಮೇಲೆ ಅಣ್ಣನ ಹೆಸರಿತ್ತೆಂದು. ಕಾರ್ಯದರ್ಶಿಗಳೇ, ಒಂದು ಸಾಲಿನ ಎಚ್ಚರಿಕೆಗೆ ಅಡ್ಡಬಂದ ನಿಮ್ಮ ಮರ್ಯಾದೆ ಅವಳ ಜೀವಮಾನದ ದುಡಿಮೆಗಿಂತ ದೊಡ್ಡದಾಗಿತ್ತೆ?