ಬಾಯಾರ ಕರಿಮಣಿ

ಮೊನ್ನೆ ಇಲ್ಲಿ ಗಲ್ಫಿನಲ್ಲಿ, ಅಲ್ ಖೌದ್‌ನ ಪಾರ್ಲರಿನಲ್ಲಿ ಮಗಳು ಅಕ್ರಿಲಿಕ್ ಉಗುರು ಹಾಕಿಸಿಕೊಳ್ಳಲು ಕೂತಿದ್ದಳು. ಅಲ್ಲಿಯ ಹುಡುಗಿ ಬಾಟಲಿ ತೆರೆದಳು. ಆ ಘಾಟು ಮೂಗಿಗೆ ಬಡಿದದ್ದೇ ತಡ, ನಾನು ಕುರ್ಚಿ ಉರುಳಿಸಿ ಹೊರಗೆ ಓಡಿದ್ದೆ. “ಮಮ್ಮಾ, ವಾಟ್ ಈಸ್ ದಿಸ್!” ಎಂದು ಮಗಳು ಹಿಂದಿನಿಂದ ಕೂಗಿದಳು. ಅವಳಿಗೇನು ಗೊತ್ತು, ಲ್ಯಾಬಿನ ಬಾಯಾರು…

ಹಿಂದೆ ಇಲ್ಲಿಯ ಪೇಂಟ್ ಕಾರ್ಖಾನೆಯಲ್ಲಿ ವಿಜಯಪುರದ ಮೇಡಂ ಮುಖ್ಯ ಕೆಮಿಸ್ಟ್, ಉಡುಪಿಯ ನಾನು ಸಹಾಯಕಿ. ಅವರ ಊರಿನ ರೂಢಿಯಂತೆ ನಾನೂ ಅವರನ್ನು ‘ಬಾಯಾರು’ ಎನ್ನುತ್ತಿದ್ದೆ. ಅವರಿಗೆ ಮೂಗಿನ ತುದಿಯಲ್ಲೇ ಸಿಟ್ಟು. ಪರೀಕ್ಷೆಯ ಹಲಗೆಯ ಮೇಲೆ ಬಣ್ಣದ ಪದರ ಬಿರುಕು ಬಿಟ್ಟಿದ್ದರೆ ಹಲಗೆಯನ್ನು ಮುಖಕ್ಕೇ ಎಸೆಯುತ್ತಿದ್ದರು. ಒಮ್ಮೆ ಬೀಕರ್ ನನ್ನ ಕಿವಿಯ ಪಕ್ಕದಲ್ಲೇ ಹಾರಿ ಗೋಡೆಗೆ ಬಡಿದು ಪುಡಿಯಾಯಿತು. ಬೈದು ಮುಗಿದ ಮೇಲೆ ಕೊರಳಿನ ಕರಿಮಣಿ ಸರ ಎಳೆದು ನನ್ನ ಮೂಗಿನೆದುರು ಹಿಡಿಯುತ್ತಿದ್ದರು.

“ನೋಡ ಇಲ್ಲೆ. ಒಂದು ಬಂಗಾರದ ಗುಂಡು, ಎರಡು ಕರಿ. ಉದ್ದಕ್ಕೂ ಹಿಂಗ ಬರಬೇಕು. ಬಂಗಾರ ಎಲ್ಲಾ ಒಂದ ಕಡೆ, ಕರಿ ಎಲ್ಲಾ ಒಂದ ಕಡೆ ಪೋಣಿಸಿದ್ರ ಇದ ಸರ ಆಗ್ತದೇನು?”

ಬಣ್ಣಕ್ಕೆ ಅಂಟು ಕೊಡುವ ನಮ್ಮ ರಾಳಕ್ಕೆ ಬೀಳುವುದೂ ಎರಡೇ: ಉಗುರಿನ ಬಾಟಲಿಯದೇ ಘಾಟಿನ, ಗಟ್ಟಿತನ ಕೊಡುವ ದ್ರವ, ಮೆದುತನ ಕೊಡುವ ದ್ರವ. ಹನಿಹನಿಯಾಗಿ ಬಿಟ್ಟರೆ ಎರಡೂ ಬೆರೆತು ಸರಪಳಿ ಕಟ್ಟುತ್ತವೆ. ಆ ಬಣ್ಣ ಇಲ್ಲಿಯ ಬಿಸಿಲಿಗೆ ಗೋಡೆಯ ಜೊತೆಗೇ ಹಿಗ್ಗುತ್ತದೆ. ಒಮ್ಮೆಲೇ ಸುರಿದರೆ ಗಟ್ಟಿಯದು ಮುನ್ನುಗ್ಗಿ ಮೊದಲು ಮುಗಿಯುತ್ತದೆ, ಮೆದುವಿನದು ಕೊನೆಗೆ ಉಳಿಯುತ್ತದೆ. ಅಳತೆ ಅದೇ ಇದ್ದರೂ ಬಣ್ಣ ಬಿರಿಯುತ್ತದೆ. ಸಾಲದ್ದಕ್ಕೆ, ಏರುವ ಕಾವನ್ನು ಯಾರಿಂದಲೂ ತಡೆಯಲಾಗುವುದಿಲ್ಲ.

ಆ ಮಧ್ಯಾಹ್ನ ಬಣ್ಣ ಹೊತ್ತು ಬುರೈಮಿ ಊರಿಗೆ ಹೋಗುವ ಲಾರಿ ಕಾಯುತ್ತಿತ್ತು. “ಯಲ್ಲಾ, ಪೂರಾ ಡಾಲೋ, ಖಲಾಸ್!” ಎಂದು ಎಲ್ಲ ಒಮ್ಮೆಗೇ ಸುರಿಯಲು ಅವಸರಪಡಿಸುತ್ತ ಮ್ಯಾನೇಜರ್ ತಾನೇ ದ್ರವದ ವಾಲ್ವ್ ಪೂರ್ತಿ ತಿರುವಿದ. ಬಾಯಾರು ಅವನ ಕಾಲರ್ ಹಿಡಿದು ನೆಲಕ್ಕೆ ಕೆಡವಿ ವಾಲ್ವ್ ಮುಚ್ಚಿದರು. ಅಷ್ಟರಲ್ಲಿ ಎಲ್ಲವೂ ಒಳಗೆ ಹೋಗಿತ್ತು. ರಾಳ ಕಾಯುವ ಕೊಪ್ಪರಿಗೆ ನಡುಗತೊಡಗಿತು, ಕಾವಿನ ಮುಳ್ಳು ಕೆಂಪು ಗೆರೆ ದಾಟಿತು. ಮ್ಯಾನೇಜರ್ ಎದ್ದು ಹೊರಗೋಡಿದ. “ಓಡ ಹುಚ್ಚಿ!” ಎಂದು ನನ್ನ ಬೆನ್ನಿಗೆ ಗುದ್ದಿ ಬಾಗಿಲಾಚೆ ನೂಕಿದರು. ತಾವು ತಣ್ಣೀರಿನ ವಾಲ್ವಿನತ್ತ ಓಡಿದರು. ಮುಚ್ಚಳ ಕಿತ್ತು ಚಾವಣಿಯನ್ನು ಸೀಳಿತು. ಕುದಿಯುವ ರಾಳ ಅವರ ಮೇಲೆ ಬಿತ್ತು. ಆ ಕೂಗು… ಬರೆಯಲಾರೆ.

ಕಲ್ಲಾದ ರಾಳವನ್ನು ಉಳಿಯಿಂದ ಒಡೆಯುವಾಗ ಅದರೊಳಗೆ ಮಣಿಗಳು ಸಿಕ್ಕವು. ರೂವಿಯಲ್ಲಿದ್ದ ಬಾಯಾರ ಫ್ಲಾಟಿಗೆ ಒಯ್ದು ಕೊಟ್ಟೆ. ಅವರ ಗಂಡ ಅಂಗೈಯಲ್ಲಿ ಹಿಡಿದು, “ಇದು ಹ್ಯಾಂಗ ಪೋಣಿಸಿತ್ತವ್ವಾ? ನಾ ಒಮ್ಮೆನೂ ಸರಿಯಾಗಿ ನೋಡಲಿಲ್ಲ” ಎಂದು ಅತ್ತರು. ನನಗೆ ಗೊತ್ತಿತ್ತು. ಅಲ್ಲೇ ನೆಲದ ಮೇಲೆ ಕೂತು ಪೋಣಿಸಿದೆ. ಒಂದು ಬಂಗಾರ, ಎರಡು ಕರಿ. ಸಿಕ್ಕ ಮಣಿಗಳು ಅರ್ಧ ಸರಕ್ಕೆ ಮುಗಿದವು.

ಪಾರ್ಲರಿನಿಂದ ಹೊರಬಂದ ಮಗಳು ಹೊಸ ಉಗುರು ಚಾಚಿ, “ನೈಸ್ ಅಲ್ವಾ?” ಎಂದಳು. “ಚಂದ ಉಂಟು ಮಗಾ” ಎಂದೆ. ಕೈ ತಾನಾಗಿ ಬೆನ್ನಿಗೆ, ಆ ಗುದ್ದು ಬಿದ್ದ ಜಾಗಕ್ಕೆ ಹೋಯಿತು. ನೋವು ಎಂದೋ ಮಾಯವಾಗಿದೆ. ಅದಾದರೂ ಉಳಿಯಬಾರದಿತ್ತೇ.